ಆರನೆಯ ಕುರ್ಚಿಯ ಮೂರು ಬೊಟ್ಟು

ಬಾಗಿಲನ್ನು ಯಾರೋ ಮೂರು ಸಲ ಬಡಿದರು. ನಾಲ್ಕನೆಯ ಬಡಿತ ಕೇಳಿಸಲಿಲ್ಲ.

ಶಿವಕುಮಾರಿ ದೀಪ ಹಾಕದೆ ಕಿಟಕಿಯ ಪಕ್ಕಕ್ಕೆ ಸರಿದು ನಿಂತಳು. ಹನುಮಂತನಗರದ ಆ ಅಡ್ಡರಸ್ತೆಯಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಅವಳ ಬಾಗಿಲು ಬಡಿಯುವವರು ಎರಡೇ ಬಗೆ. ಮನೆ ತಪ್ಪಿ ಬಂದ ಕುಡುಕರು, ಮನೆ ಹುಡುಕಿಕೊಂಡು ಬಂದ ಕಕ್ಷಿದಾರರು. ಕುಡುಕರು ಬೈಯುತ್ತಾರೆ, ಕಕ್ಷಿದಾರರು ಹೆಸರು ಹಿಡಿದು ಕರೆಯುತ್ತಾರೆ. ಹೊರಗೆ ಬೈಗುಳವೂ ಇರಲಿಲ್ಲ, ಕರೆಯೂ ಇರಲಿಲ್ಲ.

ಚಿಲಕ ತೆಗೆದಳು.

ಜಗಲಿಯ ಮೇಲೆ ಮನುಷ್ಯರಿರಲಿಲ್ಲ. ಒಂದು ಕುರ್ಚಿ ಇತ್ತು. ಬಾಗಿಲಿಗೆ ಮುಖ ಮಾಡಿ, ಇಷ್ಟು ಹೊತ್ತು ಅದರಲ್ಲಿ ಯಾರೋ ಕೂತು ಅವಳಿಗಾಗಿ ಕಾದಿದ್ದಂತೆ ಇತ್ತು.

ತೇಗದ ಪೀಠ, ತುಸು ಬಾಗಿದ ತೇಗದ ಬೆನ್ನು. ಕಪ್ಪು ಬಣ್ಣದ ಕಬ್ಬಿಣದ ಕೊಳವೆ ನೆಲದಿಂದೆದ್ದು, ಎಲ್ಲೂ ತುಂಡಾಗದೆ, ಕಾಲಾಗಿ ಕೈಯಾಗಿ ಬಳುಕಿ ಮತ್ತೆ ನೆಲಕ್ಕಿಳಿದಿತ್ತು. ಪಾದಗಳಿಗೆ ಹಿತ್ತಾಳೆಯ ಟೊಪ್ಪಿಗೆ.

ಐದು ದಿನಗಳಿಂದ ಪೊಲೀಸರು ಹುಡುಕುತ್ತಿದ್ದ ಆರನೆಯ ಕುರ್ಚಿ ಅದು. ಅದನ್ನು ಕದ್ದನೆಂಬ ಆರೋಪದ ಮೇಲೆ ಪಾಲಿಶ್ ಕೆಲಸದ ಯೋಗಾನಂದ ಲಾಕಪ್ಪಿನಲ್ಲಿದ್ದ. ಅವನನ್ನು ಬಿಡಿಸಿಕೊಡಿ ಎಂದು ಅವನ ಹೆಂಡತಿ ವಿನುತಾ, ಖಾಸಗಿ ಪತ್ತೇದಾರಿಕೆ ಮಾಡುವ ಶಿವಕುಮಾರಿಯ ಬಳಿ ಬಂದಿದ್ದಳು.

ರಸ್ತೆ ಖಾಲಿ. ಆಟೋ ಹೊರಟ ಸದ್ದಿಲ್ಲ, ಸೈಕಲ್ ಹೊರಟ ಸದ್ದೂ ಇಲ್ಲ. ತಂದವರು ನಡೆದೇ ಬಂದಿದ್ದರು, ನಡೆದೇ ಹೋಗಿದ್ದರು.

ಶಿವಕುಮಾರಿ ಕುರ್ಚಿಯನ್ನು ಒಳಗೆ ತಂದು ಬಾಗಿಲು ಹಾಕಿದಳು. ಮೊದಲು ಅದನ್ನು ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿಸಿ ಕಿವಿಗೊಟ್ಟಳು. ಕೊಳವೆಯ ಒಳಗೆ ಸರ್ರನೆ ಮರಳು ಜಾರಿತು.

ಅಸಲಿ ಮಾಲು. ಈ ಕುರ್ಚಿಗಳು ತಯಾರಾದ ಚಾಮರಾಜಪೇಟೆಯ ಕಾರ್ಖಾನೆಯಲ್ಲಿ ಕಬ್ಬಿಣದ ಕೆಲಸದ ಪುಟ್ಟಯ್ಯ ಕೊಳವೆ ಬಗ್ಗಿಸುವಾಗ, ಬಿಸಿಗೆ ಅದು ಚಪ್ಪಟೆಯಾಗದಿರಲೆಂದು ಒಳಗೆ ಒಣಮರಳು ತುಂಬುತ್ತಿದ್ದ. ಆಮೇಲೆ ಸುರಿದರೂ ಬಾಗಿನಲ್ಲಿ ಒಂದು ಹಿಡಿ ಉಳಿದುಬಿಡುತ್ತಿತ್ತು. ಕುರ್ಚಿಗಳ ಈಗಿನ ಒಡೆಯ, ಬಸವನಗುಡಿಯ ಹರಿಕೃಷ್ಣನ ಮನೆಯಲ್ಲಿದ್ದ ಉಳಿದ ಐದು ಕುರ್ಚಿಗಳೂ ಹಾಗೆಯೇ ಪಿಸುಗುಟ್ಟುತ್ತಿದ್ದವು. ಹಳೆ ಸಾಮಾನಿನ ಅಂಗಡಿಗಳ ನಕಲುಗಳು ಮೂಕವಾಗಿರುತ್ತವೆ.

ಆಮೇಲೆ ಕುರ್ಚಿಯನ್ನು ಬೋರಲು ಹಾಕಿ ನಾಲ್ಕು ಸ್ಕ್ರೂ ಬಿಚ್ಚಿದಳು. ಸ್ಕ್ರೂವಿನ ತಲೆಗೆ ಗೋಣಿಯ ಎಳೆಯೊಂದು ಸಿಕ್ಕಿಕೊಂಡಿತ್ತು. ಪೀಠವನ್ನೂ ಕೊಳವೆಯನ್ನೂ ಹಿಡಿದಿದ್ದ ಕಬ್ಬಿಣದ ಪಟ್ಟಿ ಕೈಗೆ ಬಂತು.

ಪಟ್ಟಿಯ ಅಡಿಯಲ್ಲಿ ಏನಿರಬೇಕೆಂಬುದು ಅವಳಿಗೆ ಗೊತ್ತಿತ್ತು. ಐದು ಕುರ್ಚಿಗಳನ್ನೂ ಬಿಚ್ಚಿ ನೋಡಿದ್ದಳು. ಪ್ರತಿಯೊಂದರಲ್ಲೂ ಮರಕ್ಕೂ ಕಬ್ಬಿಣಕ್ಕೂ ನಡುವೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಮೂರು ಬೊಟ್ಟು ಕುಂಕುಮ. ನಲವತ್ತು ವರ್ಷಕ್ಕೆ ಅದು ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು.

ಇಲ್ಲೂ ಮೂರು ಬೊಟ್ಟು ಇದ್ದವು. ಆದರೆ ಕೆಂಪಾಗಿದ್ದವು. ಮೂಗಿನ ಬಳಿ ತಂದರೆ ಹರಳೆಣ್ಣೆಯ ವಾಸನೆ ಇನ್ನೂ ಹಸಿಯಾಗಿತ್ತು.

ಬೊಟ್ಟಿನ ಕೆಳಗೆ, ಅಂಗೈಯಗಲದಷ್ಟು ಜಾಗದಲ್ಲಿ, ಮರವನ್ನು ಯಾರೋ ಹೆರೆದುಹಾಕಿದ್ದರು. ಹೊಸ ಗಾಯದಂತೆ ತೇಗ ಹಳದಿಯಾಗಿ ಕಾಣುತ್ತಿತ್ತು.

ಶಿವಕುಮಾರಿ ಬಹಳ ಹೊತ್ತು ಅದನ್ನೇ ನೋಡಿದಳು. ಕದ್ದವರಿಗೆ ಕುರ್ಚಿ ಬೇಕಿರಲಿಲ್ಲ. ಅದರ ಅಡಿಯಲ್ಲಿದ್ದ ಏನನ್ನೋ ಅಳಿಸುವುದು ಬೇಕಿತ್ತು. ಅಳಿಸಿದರು. ಇಷ್ಟು ಜಾಣತನದಿಂದ ಕದ್ದು, ಇಷ್ಟು ರೋಷದಿಂದ ಹೆರೆದವರು, ಮತ್ತೆ ಸ್ಕ್ರೂ ಹಾಕುವ ಮೊದಲು ಒಂದು ತಪ್ಪು ಮಾಡಿದ್ದರು. ಬರೀ ಮರಕ್ಕೆ ಕಬ್ಬಿಣ ಮುಟ್ಟಿಸಲು ಅವರ ಕೈ ಬಂದಿರಲಿಲ್ಲ. ಬೊಟ್ಟು ಇಟ್ಟಿದ್ದರು.

ಆ ಕಾರ್ಖಾನೆಯ ಪದ್ಧತಿ ಬಲ್ಲವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು.

ಬೆಳಿಗ್ಗೆ ಆರಕ್ಕೆ ಹರಿಕೃಷ್ಣನ ಫೋನು ಬಂತು.

"ಮೇಡಂ, ಇನ್ನು ಮೂರೇ ದಿನ. ಭಾನುವಾರ ಮಲ್ಲೇಶ್ವರದಲ್ಲಿ ಪ್ರದರ್ಶನ. ಆ ಸ್ವರೂಪ್ ಟೀಪಾಯಿ ಇಡ್ತಾನೆ. ಇದೇ ಸೆಟ್ಟಿನ ಟೀಪಾಯಿ. ನಾನು ಐದು ಕುರ್ಚಿ ಇಟ್ಕೊಂಡು ನಿಂತ್ರೆ, ಬಾಯಿಗೆ ಕರ್ಚೀಫ್ ಅಡ್ಡ ಇಟ್ಕೊಂಡು ನಗ್ತಾನೆ."

"ಸ್ವರೂಪ್ ಅವತ್ತು ಮೈಸೂರಲ್ಲಿ ತಂಗಿ ಮದುವೇಲಿದ್ರು. ಮುನ್ನೂರು ಜನ ನೋಡಿದಾರೆ."

"ಆಳು ಬಿಟ್ಟು ಕದಿಸಿರ್ತಾನೆ. ನಾನಾಗಿದ್ರೆ ಹಾಗೇ ಮಾಡ್ತಿದ್ದೆ."

"ಈ ಮಾತು ಇನ್ಸ್‌ಪೆಕ್ಟರ್ ಮುಂದೆ ಹೇಳ್ಬೇಡಿ," ಎಂದಳು ಶಿವಕುಮಾರಿ. "ನಿಮ್ಮ ವಾಚ್‌ಮನ್ ಅವತ್ತು ಬೆಳಗಿನ ಜಾವ ಬೇರೆ ಯಾರನ್ನೂ ನೋಡಲಿಲ್ಲ ಅಂದಿದ್ದು ನಿಜ ತಾನೇ?"

"ಎಷ್ಟು ಸಲ ಕೇಳ್ತೀರಿ? ಹಾಲಿನೋರು, ಪೇಪರಿನೋರು, ಸೊಪ್ಪಿನೋರು. ದಿನಾ ಬರೋರು. ಪಾಲಿಶ್ ಆರ್ಲಿ ಅಂತ ಆ ಒಂದು ಕುರ್ಚೀನ ಹಿಂದಿನ ವರಾಂಡದಲ್ಲಿ ಬಿಟ್ಟಿದ್ವಿ. ಗ್ರಿಲ್ ಬೀಗ ಒಡೆದಿಲ್ಲ. ಕೀ ಇದ್ದಿದ್ದು ಯೋಗಾನಂದನ ಹತ್ರ. ಅವನು ತುಟಿ ಎರಡು ಮಾಡ್ತಿಲ್ಲ. ಇನ್ನೇನು ಬೇಕು?"

ಅದೇ ಶಿವಕುಮಾರಿಯನ್ನು ಕಾಡುತ್ತಿದ್ದದ್ದು. ಕದ್ದವನು ಸುಳ್ಳು ಹೇಳುತ್ತಾನೆ, ಕದಿಯದವನು ಅಳುತ್ತಾನೆ. ಯೋಗಾನಂದ ಐದು ದಿನದಿಂದ ಬಾಯಿಯನ್ನೇ ತೆರೆದಿರಲಿಲ್ಲ.

ಫೋನಿಟ್ಟು ಕುರ್ಚಿಯ ಮೇಲೆ ಬೆಡ್‌ಶೀಟ್ ಹೊದಿಸುವಷ್ಟರಲ್ಲಿ ವಿನುತಾ ಬಂದಳು. ನರ್ಸರಿ ಶಾಲೆಯ ಟೀಚರ್, ಮಾತು ಚುರುಕು, ಕಣ್ಣು ನಿದ್ದೆಗೆಟ್ಟಿದ್ದವು. ಹಿಂದೆಯೇ ಅತ್ತೆ ಪಿಳ್ಳಮ್ಮ. ಚಾಮರಾಜಪೇಟೆಯ ಮೂಲೆಯಲ್ಲಿ ಈಗಲೂ ಸೊಪ್ಪು ಮಾರುವ, ಅರವತ್ತಾರರಲ್ಲೂ ಬೆನ್ನು ಬಾಗದ ಹೆಂಗಸು. ಆ ಕುರ್ಚಿಗಳ ಮರಗೆಲಸ ಮಾಡಿದ ವೆಂಕಟರಾಮಪ್ಪನ ವಿಧವೆ.

"ಕೂತ್ಕೊಳ್ಳಿ," ಎಂದು ಶಿವಕುಮಾರಿ ಬೆತ್ತದ ಕುರ್ಚಿ ಎಳೆದಳು.

ಪಿಳ್ಳಮ್ಮ ನೆಲದ ಮೇಲೆ ಗೋಡೆಗೊರಗಿ ಕೂತಳು. "ನಂಗೆ ಇದೇ ಸರಿ ಕಣವ್ವ. ಇಪ್ಪತ್ತೇಳು ವರ್ಷ ಕುರ್ಚಿ ಮಾಡ್ದೋನ ಜೊತೆ ಬಾಳಾಟ ಮಾಡ್ದೆ. ನಮ್ಮನೇಲಿ ಒಂದು ಕುರ್ಚಿ ಇರ್ಲಿಲ್ಲ. ಕೂತು ಅಭ್ಯಾಸ ಇಲ್ಲ."

ಕಾಫಿ ಲೋಟ ತೆಗೆದುಕೊಳ್ಳುವಾಗ ಅವಳ ಉಂಗುರದ ಬೆರಳಿನ ತುದಿ ಕೆಂಪಾಗಿ ಕಂಡಿತು. ದಂಟಿನ ಸೊಪ್ಪು ಸೋಸಿದವರ ಕೈ ಹಾಗಿರುತ್ತದೆಂದು ಶಿವಕುಮಾರಿ ಅದನ್ನು ನೋಡಿ ಬಿಟ್ಟಳು.

"ಲಾಯರು ಚೀಟಿ ಕೊಟ್ಟಿದಾರೆ ಮೇಡಂ," ವಿನುತಾ ಪರ್ಸಿನಿಂದ ಮಡಿಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. "ಪೊಲೀಸ್ ಕಸ್ಟಡಿ ಇವತ್ತಿಗೆ ಮುಗೀತು. ಮತ್ತೆ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ. ಅಲ್ಲಿಂದ ಜೈಲಿಗೆ. ಒಂದ್ಸಲ ಜೈಲಿಗೆ ಹೋಗ್ಬಂದೋನ ಕೈಗೆ ಯಾರು ಮನೆ ಸಾಮಾನು ಕೊಡ್ತಾರೆ ಹೇಳಿ. ಇವರಿಗೆ ಬೇರೆ ಕೆಲಸ ಬರಲ್ಲ. ಹನ್ನೊಂದಕ್ಕೆ ಕೋರ್ಟು."

"ಹತ್ತೂವರೆ ಅಂತ ಬರ್ದವ್ರಲ್ಲವ್ವ, ಸರಿಯಾಗಿ ನೋಡು," ಎಂದಳು ಪಿಳ್ಳಮ್ಮ ಲೋಟದ ಮೇಲಿಂದ.

ವಿನುತಾ ಚೀಟಿಯನ್ನು ಮತ್ತೆ ನೋಡಿದಳು. "ಹೌದು. ಹತ್ತೂವರೆ."

ಶಿವಕುಮಾರಿಯ ಗಮನ ಬೇರೆಡೆಯಿತ್ತು. ಇನ್ಸ್‌ಪೆಕ್ಟರ್ ಶ್ರೀನಿವಾಸಯ್ಯನ ಮಾತು ನೆನಪಾಗುತ್ತಿತ್ತು: ಕುರ್ಚಿ ಸಿಕ್ಕರೆ ಸಾಲದು ಮೇಡಂ, ಅವನ ಕಡೆಯೋರೇ ತಂದಿಟ್ಟರು ಅಂತೀನಿ, ಕದ್ದವರ ಹೆಸರು ಬೇಕು. ಶ್ರೀನಿವಾಸಯ್ಯ ಒಂದು ಕಾಲದಲ್ಲಿ ಉಪ್ಪಾರಪೇಟೆಯಲ್ಲಿ ಅವಳ ಕೈಕೆಳಗೆ ಕಾನ್ಸ್‌ಟೇಬಲ್ ಆಗಿದ್ದವನು. ಅವಳು ಹದಿನೆಂಟು ವರ್ಷ ಠಾಣೆಯ ದಾಖಲೆ ಬರೆಯುವ ರೈಟರ್ ಆಗಿಯೇ ಉಳಿದು ಕೆಲಸ ಬಿಟ್ಟಳು. ಅವನ ಹೆಗಲ ಮೇಲಿನ ನಕ್ಷತ್ರಗಳನ್ನು ಎಣಿಸುವಾಗೆಲ್ಲ ಅವಳ ಎದೆಯಲ್ಲಿ ಒಂದು ಸಣ್ಣ ಮುಳ್ಳು ಆಡುತ್ತಿತ್ತು. ಹೊಟ್ಟೆಕಿಚ್ಚಿನ ರುಚಿ ಅವಳಿಗೂ ಗೊತ್ತಿತ್ತು.

"ಒಂಬತ್ತಕ್ಕೆ ಠಾಣೆ ಹತ್ರ ಇರಿ," ಎಂದಳು. ಮೂಲೆಯಲ್ಲಿ ಬೆಡ್‌ಶೀಟ್ ಹೊದ್ದ ಆಕಾರ ಏನೆಂದು ಇಬ್ಬರೂ ಕೇಳಲಿಲ್ಲ.

ಪುಟ್ಟಯ್ಯನ ಮನೆ ಹಳೆಯ ಕಾರ್ಖಾನೆಯ ಹಿಂದೆಯೇ ಇತ್ತು. ಎಪ್ಪತ್ತನಾಲ್ಕರ ಮುದುಕ ಕೊಳವೆಯ ಮಂಚದ ಮೇಲೆ ಕೂತು, ಊದಿದ ಮಂಡಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತಿದ್ದ. ಆಟೋದವನು ಕುರ್ಚಿ ಇಳಿಸಿ ಹೋದ.

"ಸಿಕ್ತಾ ನನ್ನ ಕುರ್ಚಿ?"

"ನಿಮ್ಮದಾ?"

"ಊರೆಲ್ಲ ಪುಟ್ಟಯ್ಯ ಕುರ್ಚಿ ಅಂತದೆ. ನಾನು ಅನ್ನು ಅಂದಿಲ್ಲ."

"ಬೇಡ ಅಂತಾನೂ ಅಂದಿಲ್ಲ."

ಪುಟ್ಟಯ್ಯ ನಕ್ಕ. ಹಲ್ಲಿಲ್ಲದ ಬಾಯಲ್ಲಿ ನಗು ಬೇಗ ಮುಗಿಯಿತು. "ಒಂದು ಮಾತು ಹೇಳ್ತೀನಿ ಕೇಳು ತಾಯಿ. ಕುರ್ಚೀಲಿ ಕೂತೋನು ಮರ ಸವರ್ತಾನೆ. ಕಬ್ಬಿಣ ಯಾರು ಸವರ್ತಾರೆ? ವೆಂಕಟರಾಮಪ್ಪನ ಮರ ನೋಡು, ಹಸುಗೂಸಿನ ಕೆನ್ನೆ ಇದ್ದಂಗದೆ ಅನ್ನೋರು. ನಾನು ಕುಲುಮೆ ಮುಂದೆ ಎದೆ ಸುಟ್ಕೊಂಡು ಬಗ್ಸಿದ್ದನ್ನ ಕಾಲು ಅನ್ನೋರು. ಬರೀ ಕಾಲು."

"ಹೊಟ್ಟೆಕಿಚ್ಚು."

"ಇತ್ತು. ಇಲ್ಲ ಅಂದ್ರೆ ನಾಲಿಗೆ ಬಿದ್ದೋಯ್ತದೆ."

ಶಿವಕುಮಾರಿ ಕುರ್ಚಿಯನ್ನು ಬೋರಲು ಹಾಕಿದಳು. ಪಟ್ಟಿಯನ್ನು ಅವಳು ಮತ್ತೆ ಬಿಗಿದಿರಲಿಲ್ಲ.

"ಇಲ್ಲಿ ವೆಂಕಟರಾಮಪ್ಪನವರ ಹೆಸರಿದ್ದಿರಬೇಕು. ಭಾನುವಾರ ನಾಲ್ಕು ಜನರ ಮುಂದೆ ಇದನ್ನ ಬಿಚ್ಚಿ ತೋರಿಸ್ತಾರೆ. ಆ ಹೆಸರು ಕಂಡಿದ್ರೆ, ಪುಟ್ಟಯ್ಯ ಕುರ್ಚಿ ಅನ್ನೋ ಮಾತು ಅವತ್ತಿಗೇ ಮುಗೀತಿತ್ತು. ದಿನಾ ಬೆಳಿಗ್ಗೆ ಪಕ್ಕದಲ್ಲೇ ಇರೋ ಯೋಗಾನಂದನ ಶೆಡ್ಡಿಗೆ ಹೋಗಿ ಕೂರ್ತೀರಿ, ಅವನ ಕೆಲಸದಲ್ಲಿ ತಪ್ಪು ಹುಡುಕ್ತೀರಿ. ಗ್ರಿಲ್ಲಿನ ಕೀ ಅಲ್ಲೇ ಮೊಳೆಗೆ ನೇತಾಡ್ತಿತ್ತು. ನಿಮ್ಮ ಹೆಸರು ಉಳಿಸ್ಕೊಳ್ಳಕ್ಕೆ ವೆಂಕಟರಾಮಪ್ಪನವರ ಮಗನನ್ನ ಜೈಲಿಗೆ ಕಳಿಸ್ತಿದೀರಿ."

ಪುಟ್ಟಯ್ಯ ಸಿಟ್ಟಾಗಲಿಲ್ಲ. ದಿಂಬಿನ ಕೆಳಗಿಂದ ಕನ್ನಡಕ ತೆಗೆದು ಹಾಕಿಕೊಂಡ. ಹೆರೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ.

"ಉಳಿ ಅಲ್ಲ. ಬಾಗಿದ ಅಲಗು. ಮರದ ಎಳೆಗೆ ಅಡ್ಡ ಹೆರೆದವ್ರೆ. ಮರದ ಕೆಲಸದೋರು ಪ್ರಾಣ ಹೋದ್ರೂ ಎಳೆಗೆ ಅಡ್ಡ ಹೆರೆಯಲ್ಲ. ಕಬ್ಬಿಣದೋನು ನಾನಾಗಿದ್ರೆ ಅರ ಹಾಕಿ ಉಜ್ತಿದ್ದೆ." ಬೆರಳು ಮುಂದೆ ಸರಿದು, ಕೆಂಪು ಬೊಟ್ಟುಗಳ ಅಂಚಿಗೆ ಬಂದು ನಿಂತುಬಿಟ್ಟಿತು. "ಇದು ಯಾರಿಟ್ಟೋರು?"

"ನೀವು."

"ನಾನು ಇಡೋ ಹಾಗಿಲ್ಲ ತಾಯಿ."

"ಯಾಕೆ?"

"ಮರ ಅನ್ನೋದು ಜೀವ ಇದ್ದದ್ದು. ಕಬ್ಬಿಣ ಅದನ್ನ ಕಡ್ದಿದ್ದು. ಕಡ್ದೋನ ಜೊತೆಗೇ ಬಾಳು ಅಂತ ಜೋಡಿಸೋ ಮುಂಚೆ ಒಂದು ಬೊಟ್ಟಿಟ್ಟು ಸಮಾಧಾನ ಮಾಡ್ಬೇಕು. ಅದನ್ನ ಕಡ್ದ ಕೈಯಿಂದ ಇಡಕ್ಕಾಗ್ತದಾ? ವೆಂಕಟರಾಮಪ್ಪನ ಕೈಲಿ ಗರಗಸ, ನನ್ನ ಕೈಲಿ ಸುತ್ತಿಗೆ. ಇಬ್ರೂ ಪಾಪಿಗಳೇ. ಅದಕ್ಕೇ ಮಧ್ಯಾಹ್ನ ಊಟದ ಕ್ಯಾರಿಯರ್ ಬರೋ ತನಕ ನಮ್ಮಲ್ಲಿ ಯಾವ ಕುರ್ಚೀನೂ ಜೋಡಿಸ್ತಿರ್ಲಿಲ್ಲ. ಅನ್ನ ತಂದ ಕೈಯಲ್ಲಿ ಬೊಟ್ಟಿಡಿಸಿ, ಆಮೇಲೆ ಸ್ಕ್ರೂ."

"ಕ್ಯಾರಿಯರ್ ತರ್ತಿದ್ದೋರು?"

"ಒಂದು ವಾರ ಅವನ ಮನೆಯೋಳು. ಒಂದು ವಾರ ನಮ್ಮನೆಯೋಳು."

ಆ ಹೊತ್ತಿಗೆ ಒಳಗಿನಿಂದ ಕಾಫಿ ಬಂತು. ತಂದವಳು ಪುಟ್ಟಯ್ಯನ ಹೆಂಡತಿ ಸುಬ್ಬಮ್ಮ. ಗಿಡ್ಡನೆಯ, ತೆಳ್ಳನೆಯ ಮುದುಕಿ. ಹಜಾರದ ನಡುವೆ ಬೋರಲಾಗಿ ಬಿದ್ದಿದ್ದ ಕುರ್ಚಿಯನ್ನು ಕಂಡು ಅವಳು ನಿಂತಳು. ಲೋಟ ವಾಲಿ ಕಾಫಿ ತಟ್ಟೆಗೆ ತುಳುಕಿತು.

"ಇಟ್ಟು ಒಳಗೆ ಹೋಗು," ಎಂದ ಪುಟ್ಟಯ್ಯ.

ಸುಬ್ಬಮ್ಮ ಲೋಟ ಇಟ್ಟಳು. ಹೋಗುವಾಗ ಅವಳ ಕೈ, ಯಾರೂ ನೋಡುತ್ತಿಲ್ಲವೆಂಬಂತೆ, ಕಪ್ಪು ಕೊಳವೆಯನ್ನಲ್ಲ, ತೇಗದ ಅಂಚನ್ನು ಒಮ್ಮೆ ಸವರಿತು.

ಪುಟ್ಟಯ್ಯ ಅದನ್ನು ನೋಡಿದ. ಶಿವಕುಮಾರಿಯೂ ನೋಡಿದಳು.

ಸುಬ್ಬಮ್ಮ ಒಳಗೆ ಹೋದ ಮೇಲೆ ಅವನು ದನಿ ತಗ್ಗಿಸಿ ಹೇಳತೊಡಗಿದ. "ಅರವತ್ತೊಂದನೇ ಇಸವಿ. ಆರ್ಡರ್ ಬಂದಿದ್ದು ಐದಕ್ಕೇ. ಕಂಟೋನ್ಮೆಂಟಿನ ಒಬ್ಬ ಲಾಯರು. ಆರನೇದು ವೆಂಕಟರಾಮಪ್ಪ ತಾನಾಗೇ ಮಾಡ್ದ, ದಿನದ ಕೆಲಸ ಮುಗಿದ ಮೇಲೆ ಒಬ್ನೇ ಕೂತು. ಕೊಳವೆ ಬಗ್ಗಿಸ್ಕೊಡು ಅಂತ ನನ್ನ ಹತ್ರ ಬಂದ. ಕೈ ಒಂದೆರಡು ಇಂಚು ತಗ್ಗಿರ್ಲಿ ಅಂದ. ಯಾರೋ ಗಿಡ್ಡನೆ ಹೆಂಗಸಿಗೆ ಅಂತ ಅವಾಗ್ಲೇ ಗೊತ್ತಾಯ್ತು. ಜೋಡಿಸೋ ದಿನ ಪಟ್ಟಿ ಹಿಡ್ಕೊಂಡು ಬಗ್ಗಿದ್ರೆ, ಮರದ ಮೇಲೆ ಪೆನ್ಸಿಲಲ್ಲಿ ಒಂದು ಹೆಸರು ಬರ್ದವ್ನೆ. ದುಂಡಗೆ. ಅಚ್ಚು ಹಾಕ್ದಂಗೆ."

"ಅವರ ಹೆಸರಾ?"

"ಅವನದಲ್ಲ. ಅವನ ಹೆಂಡ್ತೀದೂ ಅಲ್ಲ."

"ಯಾರದು?"

ಪುಟ್ಟಯ್ಯ ಒಳಬಾಗಿಲ ಕಡೆ ನೋಡಿದ. ಅಲ್ಲಿ ಪಾತ್ರೆಯ ಸದ್ದು ನಿಂತಿತ್ತು.

"ಕಾಫಿ ಕುಡೀರಿ. ಆರೋಯ್ತದೆ," ಎಂದ.

ಶಿವಕುಮಾರಿ ಲೋಟ ಎತ್ತಿಕೊಂಡಳು.

"ಅವನು ಹೆಸರು ಮುಚ್ಚಲಿಲ್ಲ ತಾಯಿ. ಅದೇ ನನ್ನ ಎದೆ ಉರ್ದಿದ್ದು. ಅವತ್ತು ಕ್ಯಾರಿಯರ್ ತಂದೋಳು ಅವನ ಹೆಂಡ್ತಿ. ಅವಳ ಕೈಯಿಂದ್ಲೇ ಆ ಹೆಸರಿನ ಮೇಲೆ ಬೊಟ್ಟಿಡಿಸ್ದ. ಪಿಳ್ಳಮ್ಮನಿಗೆ ಅಕ್ಷರ ಎಲ್ಲಿ ಬರ್ತಿತ್ತು? ಏನೋ ಅಳತೆ ಗೀಚವ್ನೆ ಅಂದ್ಕೊಂಡು, ಭಕ್ತಿಯಿಂದ ಮೂರು ಬೊಟ್ಟಿಟ್ಟು ಕೈ ಮುಗಿದ್ಲು. ನಾನು ಸ್ಕ್ರೂ ತಿರುಗಿಸ್ದೆ. ಮೂರು ಜನಾನೂ ಕೂತು ಊಟ ಮಾಡಿದ್ವಿ. ಅವತ್ತು ಬಸ್ಸಾರು."

"ನೀವು ಏನೂ ಅನ್ನಲಿಲ್ವಾ?"

"ಏನಂತ ಅನ್ನೋದು? ಮಾರನೇ ದಿನ ಬೆಳಗಾಗೋಕೆ ಮುಂಚೆ ಐದರ ಜೊತೆ ಆರನೇದ್ದನ್ನೂ ಗಾಡಿಗೆ ಹಾಕಿ ಲಾಯರ ಮನೆಗೆ ಕಳಿಸ್ಬಿಟ್ಟೆ. ಯಾರಿಗೆ ಮಾಡಿದ್ನೋ ಅವಳಿಗೆ ಅದು ತಲುಪ್ಲೇ ಇಲ್ಲ. ಆರು ಕುರ್ಚಿ ಸೆಟ್ಟು ಅಂತ ಈಗ ದೊಡ್ಡೋರೆಲ್ಲ ಕಿತ್ತಾಡ್ತಾರಲ್ಲ, ಅದು ಸೆಟ್ಟಲ್ಲ. ನನ್ನ ಹೊಟ್ಟೆಕಿಚ್ಚು. ಆಮೇಲೆ ಎಲ್ಲಾನೂ ನನ್ನ ಹೆಸರಲ್ಲೇ ಮಾರ್ದೆ. ಅವನು ಯಾಕೆ ಅಂತ ಕೇಳ್ಲಿಲ್ಲ. ಯಾಕೆ ಅಂತ ಅವನಿಗೆ ಗೊತ್ತಿತ್ತು."

ಶಿವಕುಮಾರಿ ಎದ್ದಳು. ಮುದುಕನೂ ಏಳಲು ಹೋಗಿ, ಮಂಡಿ ಹಿಡಿದು ಮತ್ತೆ ಕೂತ. ಈ ಕಾಲಿನಲ್ಲಿ ಕುರ್ಚಿ ಹೊತ್ತು ಚಾಮರಾಜಪೇಟೆಯಿಂದ ಹನುಮಂತನಗರಕ್ಕೆ ನಡೆದು ಬರುವುದಿರಲಿ, ಬೀದಿಯ ಕೊನೆ ಮುಟ್ಟುವುದೂ ಕಷ್ಟ. ಸುಬ್ಬಮ್ಮನ ತೋಳುಗಳು ಕಾಫಿ ಲೋಟಕ್ಕೇ ನಡುಗಿದ್ದವು.

ಹೆಸರು ಬಲ್ಲವರಿಗೆ ಹೊರುವ ಶಕ್ತಿಯಿರಲಿಲ್ಲ. ಹೊರುವ ಶಕ್ತಿಯಿದ್ದ ಒಬ್ಬಳಿಗೆ ಓದು ಬರುತ್ತಿರಲಿಲ್ಲ. ಮೊದಲ ದಿನ ಪೊಲೀಸರು ಬರೆದುಕೊಂಡ ಹೇಳಿಕೆಯ ಕೆಳಗೆ ಪಿಳ್ಳಮ್ಮ ಹೆಬ್ಬೆಟ್ಟು ಒತ್ತಿದ್ದನ್ನು ಶಿವಕುಮಾರಿಯೇ ಕಣ್ಣಾರೆ ಕಂಡಿದ್ದಳು. "ನಾಕು ಅಕ್ಷರ ಕಲೀದೋಳು ಕಣಪ್ಪ," ಎಂದಿದ್ದಳು. ಹೆಸರು ಓದಲಾಗದವಳು ಆ ಹೆಸರಿನ ಮೇಲೆ ಯಾಕೆ ಮುನಿಯುತ್ತಾಳೆ?

ಆಟೋದಲ್ಲಿ ಮಡಿಲ ಪಕ್ಕ ಕುರ್ಚಿ ಹಿಡಿದುಕೊಂಡು ಕೂತಾಗ, ಪ್ರತಿ ತಿರುವಿನಲ್ಲೂ ಒಳಗಿನ ಮರಳು ಈ ಕಡೆಯಿಂದ ಆ ಕಡೆಗೆ ಹರಿಯಿತು.

ಠಾಣೆಯ ಗಡಿಯಾರ ಒಂಬತ್ತೂಕಾಲು ತೋರಿಸುತ್ತಿತ್ತು. ಶ್ರೀನಿವಾಸಯ್ಯ ಕುರ್ಚಿಯನ್ನು ಸುತ್ತು ಹಾಕಿ ನೋಡಿ, ಮಹಜರು ಬರೆಯಲು ಕಾಗದ ತರಿಸಿದ.

"ಎಲ್ಲಿ ಸಿಕ್ತು, ಯಾವಾಗ ಸಿಕ್ತು, ಎಲ್ಲ ಬರ್ಕೊಂಡೆ. ಕದ್ದವರು ಯಾರು ಅನ್ನೋ ಜಾಗ ಖಾಲಿ ಬಿಟ್ಟಿದೀನಿ ಮೇಡಂ. ಅದು ಖಾಲಿ ಇದ್ರೆ ಅಲ್ಲಿಗೆ ಯೋಗಾನಂದನ ಹೆಸರೇ ಬರುತ್ತೆ."

ಬೆಂಚಿನ ತುದಿಯಲ್ಲಿ ವಿನುತಾ, ಅವಳ ಪಕ್ಕ ನೆಲದ ಮೇಲೆ ಪಿಳ್ಳಮ್ಮ. ಯೋಗಾನಂದನನ್ನು ಕರೆತಂದರು. ಮೂವತ್ತೆಂಟು ವಯಸ್ಸಿನ, ಬೆರಳ ಸಂದಿಯಲ್ಲಿ ಪಾಲಿಶಿನ ಕಂದು ಅಂಟಿದ, ಸೌಮ್ಯ ಮುಖದ ಮನುಷ್ಯ. ಕುರ್ಚಿಯನ್ನು ಕಂಡು ಅವನ ಮುಖ ಬೆಳಗಬೇಕಿತ್ತು. ಬಿಳುಪೇರಿತು.

"ನಾನೇ ಕದ್ದಿದ್ದು," ಎಂದ. ಐದು ದಿನಗಳಲ್ಲಿ ಅವನಾಡಿದ ಮೊದಲ ಮಾತು. "ಬರ್ಕೊಳ್ಳಿ ಸಾರ್. ನಂದೇ ಕೆಲಸ."

ವಿನುತಾಳ ಕೈಯಿಂದ ಪರ್ಸು ಜಾರಿತು. ಶ್ರೀನಿವಾಸಯ್ಯ ಗೆದ್ದವನ ನಗು ನಕ್ಕು ಪೆನ್ನಿನ ಮುಚ್ಚಳ ತೆಗೆದ.

"ಒಂದು ನಿಮಿಷ," ಎಂದಳು ಶಿವಕುಮಾರಿ. ಯೋಗಾನಂದನ ಹತ್ತಿರ ಹೋಗಿ ಪಿಸುದನಿಯಲ್ಲಿ ಕೇಳಿದಳು, "ಕುರ್ಚಿ ಬಿಚ್ಚಿದಾಗ ಅಡಿಯಲ್ಲಿದ್ದ ಹೆಸರು ಓದಿದ್ರಾ?"

ಅವನು ಕಣ್ಣು ಮುಚ್ಚಿದ. "ತಪ್ಪು ನಂದೇ ಮೇಡಂ. ಪೂರ್ತಿ ಓದೋಕೆ ಮುಂಚೆ, ಅಪ್ಪನ ಅಕ್ಷರ ನೋಡು ಬಾ ಅಂತ ಕರೆದು ತೋರಿಸ್ಬಿಟ್ಟೆ."

"ಯಾರನ್ನ ಕರೆದ್ರಿ?"

ಅವನು ತಲೆ ತಗ್ಗಿಸಿದ. ಉತ್ತರ ಬೇಕಾಗಿರಲಿಲ್ಲ. ಶಿವಕುಮಾರಿಯ ಕಿವಿಯಲ್ಲಿ ಬೆಳಗಿನ ಮಾತೊಂದು ಮರಳಿನಂತೆ ಸರ್ರನೆ ಜಾರಿತು. ಹತ್ತೂವರೆ ಅಂತ ಬರ್ದವ್ರಲ್ಲವ್ವ, ಸರಿಯಾಗಿ ನೋಡು.

ಅವಳು ವಿನುತಾಳತ್ತ ತಿರುಗಿದಳು. "ನಿಮ್ಮ ಅತ್ತೆಗೆ ಓದಕ್ಕೆ ಬರುತ್ತಾ?"

"ಬರುತ್ತೆ ಮೇಡಂ," ಎಂದಳು ವಿನುತಾ, ಇದನ್ನೇಕೆ ಕೇಳುತ್ತಿದ್ದಾರೆಂದು ತಿಳಿಯದೆ. "ನಮ್ಮ ಮಗಳು ತೇಜಶ್ರೀ ಒಂದನೇ ಕ್ಲಾಸಿಗೆ ಸೇರಿದಾಗ ಅವಳ ಜೊತೆಗೇ ಸ್ಲೇಟು ಹಿಡ್ಕೊಂಡು ಕಲಿತ್ರು. ನಾನೇ ತಿದ್ದಿಸಿದ್ದು. ಈಗ ಬಸ್ಸಿನ ಬೋರ್ಡೆಲ್ಲ ಓದ್ತಾರೆ."

ದಂಟಿನ ಸೊಪ್ಪಲ್ಲದ ಕೆಂಪು. ಸೊಪ್ಪು ಕೊಯ್ಯುವ ಕುಡುಗೋಲಿನ ಬಾಗಿದ ಅಲಗು. ಗೋಣಿಯ ಎಳೆ. ಬೆಳಗಿನ ಜಾವ ಬಸವನಗುಡಿಯ ಬೀದಿಯಲ್ಲಿ ತಲೆಯ ಮೇಲೆ ಹೊರೆ ಹೊತ್ತು ಹೋಗುವ ಸೊಪ್ಪಿನವಳನ್ನು ಯಾವ ವಾಚ್‌ಮನ್ ತಡೆದು ನೋಡುತ್ತಾನೆ?

ಯೋಗಾನಂದ ಶಿವಕುಮಾರಿಯನ್ನೇ ನೋಡುತ್ತಿದ್ದ. ಬೇಡ ಎಂಬಂತೆ, ಕಂಡೂ ಕಾಣದಷ್ಟು ಮೆಲ್ಲಗೆ ತಲೆಯಾಡಿಸಿದ.

"ಹೇಳಿ ಮೇಡಂ," ಎಂದ ಶ್ರೀನಿವಾಸಯ್ಯ. "ನಿಮ್ಮ ಹತ್ರ ಬೇರೆ ಹೆಸರಿದ್ರೆ ಹೇಳಿ. ಇಲ್ಲಾಂದ್ರೆ ಸಾಕ್ಷಿ ಸಹಿ ಹಾಕ್ಸಿ ಹೊರಡೋಣ. ಅಜ್ಜಿ, ಇಲ್ಲಿ ಬನ್ನಿ, ಹೆಬ್ಬೆಟ್ಟು ಒತ್ತಿ."

ಇಷ್ಟು ವರ್ಷದ ಕೆಲಸದಲ್ಲಿ ಮೊದಲ ಬಾರಿಗೆ ಶಿವಕುಮಾರಿಗೆ, ಗೊತ್ತಿರುವ ಹೆಸರನ್ನು ಹೇಳುವ ಮನಸ್ಸಾಗಲಿಲ್ಲ. ಹೇಳಿದರೆ ತಾಯಿ ಜೈಲಿಗೆ. ಹೇಳದಿದ್ದರೆ ಮಗ.

ಪಿಳ್ಳಮ್ಮ ಎದ್ದು ಬಂದಳು. ಕುರ್ಚಿಯ ಮುಂದೆ ಒಂದು ಕ್ಷಣ ನಿಂತಳು. ಆಮೇಲೆ, ಬದುಕಿನಲ್ಲಿ ಮೊದಲ ಸಲ, ಗಂಡ ಮಾಡಿದ ಕುರ್ಚಿಯಲ್ಲಿ ಕೂತಳು. ಕೈಯಿಡುವ ಕೊಳವೆ ಅವಳಿಗೆ ಎರಡು ಇಂಚು ತಗ್ಗಿತ್ತು. ಮೊಣಕೈ ಎಲ್ಲೂ ಆನಿಕೊಳ್ಳಲಿಲ್ಲ.

"ನನ್ನ ಅಳತೇದಲ್ಲ," ಎಂದಳು, ಯಾರಿಗೂ ಅಲ್ಲದಂತೆ.

"ಅಮ್ಮಾ, ಸುಮ್ನಿರು," ಎಂದ ಯೋಗಾನಂದ.

"ನೀನು ಸುಮ್ನಿದ್ದಿದ್ದು ಸಾಕು ಕಣಪ್ಪ. ನಿಮ್ಮಪ್ಪನೂ ಹಿಂಗೇ ಸುಮ್ನಿದ್ದ."

ಕಾನ್ಸ್‌ಟೇಬಲ್ ಶಾಯಿಯ ಡಬ್ಬಿ ಮುಂದೆ ಸರಿಸಿದ. ಪಿಳ್ಳಮ್ಮ ಅದನ್ನು ಹಿಂದಕ್ಕೆ ತಳ್ಳಿದಳು. ಮಹಜರಿನ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು, ಕೆಂಪು ಕಲೆಯ ಬೆರಳನ್ನು ಸಾಲಿನಿಂದ ಸಾಲಿಗೆ ನಡೆಸುತ್ತಾ, ತುಟಿಯಲ್ಲೇ ಅಕ್ಷರ ಕೂಡಿಸಿ ಓದಿದಳು. ಬೆರಳು ಖಾಲಿ ಬಿಟ್ಟಿದ್ದ ಜಾಗಕ್ಕೆ ಬಂದು ನಿಂತಿತು.

ಸಾಕ್ಷಿಗಳು ಸಹಿ ಮಾಡುವ ಜಾಗ ಅದಾಗಿರಲಿಲ್ಲ.

"ಅಲ್ಲಲ್ಲ ಅಜ್ಜಿ, ಕೆಳಗೆ," ಎಂದ ಶ್ರೀನಿವಾಸಯ್ಯ.

ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಸ್ಲೇಟಿನ ಮೇಲೆ ತಿದ್ದುವ ಮಗುವಿನಂತೆ ಒತ್ತಿ ಒತ್ತಿ, ಕದ್ದವರ ಹೆಸರಿನ ಜಾಗದಲ್ಲಿ ಬರೆದಳು:

ಪಿಳ್ಳಮ್ಮ.